ಟೀಮ್ ಜೊತೆ ಮಾತಾಡಿದ್ದು ನೆನಪಿಟ್ಕೊಳ್ಳೋಕೆ ನೋಟ್ಸ್ ಹೇಗೆ ಮಾಡ್ತೀರಾ?

ಪ್ರಶ್ನೆ:
ಸೇಲ್ಸ್ ಮ್ಯಾನೇಜರ್ ಆಗಿ ಮೂರು ತಿಂಗಳಾಯ್ತು, ಟೀಮಲ್ಲಿ 8 ಜನ. ಯಾರಿಗೆ ಏನ್ ಹೇಳ್ದೆ, ಯಾವ ಡೀಲ್ ಎಲ್ಲಿ ನಿಂತಿದೆ ಅನ್ನೋದೇ ತಲೇಲಿ ಉಳೀತಿಲ್ಲ. ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ತಾ ಕೂತ್ರೆ ಎದುರಿಗಿರೋರು ಮಾತೇ ನಿಲ್ಲಿಸಿಬಿಡ್ತಾರೆ.

ಉತ್ತರ 1:
ಪೇಪರ್ ನೋಟ್‌ಬುಕ್ಕೇ ಬೆಸ್ಟು. ಒಬ್ಬೊಬ್ರಿಗೂ ಬೇರೆ ಪುಟ ಇಡಿ. ನಾನು ಕಾರ್ನೆಲ್ ಮೆಥಡ್ (ಪುಟನ ಭಾಗ ಮಾಡಿ ನೋಟ್ಸ್ ಬರೆಯೋ ಒಂದು ವಿಧಾನ) ಥರ ಗೆರೆ ಎಳ್ಕೊಂಡು ಬಲಗಡೆ ಅವ್ರು ಹೇಳಿದ್ದು, ಎಡಗಡೆ ಸಣ್ಣ ಕಾಲಮ್ಮಲ್ಲಿ ಮುಂದಿನ ಸಲ ಕೇಳ್ಬೇಕಾದ ಪ್ರಶ್ನೆ, ಕೆಳಗಡೆ ಯಾರು ಏನನ್ನ ಯಾವತ್ತೊಳಗೆ ಮಾಡ್ಬೇಕು ಅಂತ ಎರಡು ಸಾಲು ಬರೀತೀನಿ. ನಾನು ಕೊಟ್ಟ ಮಾತಿಗೆ ಮಾತ್ರ ಸ್ಟಾರ್. ಡಿಸ್ಕೌಂಟ್ ಅಪ್ರೂವಲ್ ಕೊಡಿಸ್ತೀನಿ ಅಂತ ಒಪ್ಕೊಂಡು ಒಂದ್ಸಲ ಮರೆತೇಬಿಟ್ಟಿದ್ದೆ, ಆ ಹುಡುಗ ಆರು ತಿಂಗಳು ನನ್ ಮಾತು ನಂಬ್ಲಿಲ್ಲ!

ಉತ್ತರ 2:
ಡೀಲ್ ವಿಷ್ಯ ಅವತ್ತೇ ಕಸ್ಟಮರ್, ಡೀಲ್ ವಿವರ ಇಡೋ ಕಂಪನಿ ಸಾಫ್ಟ್‌ವೇರ್, ಅಂದ್ರೆ ಸಿಆರ್‌ಎಂಗೆ ಹಾಕ್ಬಿಡಿ. ಪರ್ಸನಲ್ ವಿಷ್ಯ ಅಲ್ಲಿ ಬೇಡವೇ ಬೇಡ, ಬೇರೆಯವ್ರೂ ಓದ್ತಾರೆ.

ಉತ್ತರ 3:
ನೋಟ್ಸ್ ಇರ್ಲಿ, ಮೊದ್ಲು ನಾವು ಕಮ್ಮಿ ಮಾತಾಡ್ಬೇಕು. ಟಾರ್ಗೆಟ್ ಯಾಕ್ ಆಗ್ಲಿಲ್ಲ ಅಂದ್ರೆ ನೆಪ ಬರುತ್ತೆ, ಕಸ್ಟಮರ್ ಕೊನೇಲಿ ಏನಂದ್ರು ಅಂತ ಕೇಳಿದ್ರೆ ನಿಜ ಹೊರಗ್ ಬರುತ್ತೆ, ಅದನ್ನ ಅವ್ರ ಮಾತಲ್ಲೇ ಬರ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಸ್ಟಾರ್ ಐಡಿಯಾ ಸೂಪರ್. ಈಗ್ಲೇ ಲೆಕ್ಕ ಹಾಕ್ದೆ, ಐದು ಮಾತು ಬಾಕಿ ಇದೆ 😅