ಆಕ್ಸೆಸ್ ಲಾಗ್‌ನಲ್ಲಿ ಕಾಣುವ ಬ್ರೌಸರ್ ವಿವರವನ್ನು ಎಷ್ಟು ನಂಬಬಹುದು?

ಹೊಸಪುಟ: ನನ್ನ ಸೈಟ್ ಅಪಾಚೆ ಸರ್ವರ್‌ನಲ್ಲಿದೆ. ಹಳೇ ಬ್ರೌಸರ್‌ಗಳಿಗೆ ಅಂತ ಬರೆದ ಕೋಡ್ ತೆಗೆದುಹಾಕಬೇಕು ಅಂತಿದ್ದೇನೆ. ಅದಕ್ಕೂ ಮೊದಲು ಬರುವವರು ಯಾವ ಬ್ರೌಸರ್ ಬಳಸುತ್ತಾರೆ ಅಂತ ತಿಳಿಯಬೇಕು. ಸರ್ವರ್‌ಗೆ ಬಂದ ಪ್ರತಿ ಕೋರಿಕೆಯನ್ನು ಒಂದೊಂದು ಸಾಲಾಗಿ ಬರೆದಿಡುವ ಆಕ್ಸೆಸ್ ಲಾಗ್ ತೆರೆದರೆ ಐಪಿ ವಿಳಾಸ, ಸಮಯ, ಕೇಳಿದ ಪುಟ, 200 (ಸಿಕ್ಕಿತು) ಅಥವಾ 404 (ಸಿಗಲಿಲ್ಲ), ಬೈಟ್ ಲೆಕ್ಕ, ಅಷ್ಟೇ. ಬ್ರೌಸರ್ ಹೆಸರೇ ಇಲ್ಲ.

ಲಾಗ್‌ಓದುಗ: ನಿಮ್ಮ ಲಾಗ್ ‘ಕಾಮನ್’ ಮಾದರಿಯಲ್ಲಿದೆ. ಕಾನ್ಫಿಗ್‌ನ ಕಸ್ಟಮ್‌ಲಾಗ್ ಸಾಲಿನಲ್ಲಿ ಅದನ್ನು ‘ಕಂಬೈನ್ಡ್’ ಅಂತ ಬದಲಿಸಿ, ಅಪಾಚೆ ರೀಲೋಡ್ ಮಾಡಿ. ಆಮೇಲೆ ಪ್ರತಿ ಸಾಲಿನ ಕೊನೆಗೆ ಇನ್ನೆರಡು ತುಂಡು ಸೇರುತ್ತವೆ. ಒಂದು ರೆಫರರ್, ಅಂದರೆ ಯಾವ ಪುಟದಿಂದ ಬಂದರು ಅನ್ನುವುದು. ಇನ್ನೊಂದು ಯೂಸರ್ ಏಜೆಂಟ್, ಅಂದರೆ ಬ್ರೌಸರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸಾಲು. ನಿಮಗೆ ಬೇಕಾದ್ದು ಎರಡನೆಯದು. ಇದುವರೆಗಿನ ಸಾಲುಗಳಲ್ಲಿ ಅದು ಸಿಗುವುದಿಲ್ಲ, ಇವತ್ತಿನಿಂದ ಬರೆದದ್ದರಲ್ಲಿ ಮಾತ್ರ. ಎಣಿಸಲು ಆಕ್ (awk) ಅನ್ನುವ ಕಮಾಂಡ್ ಸಾಕು. ಡಬಲ್ ಕೋಟ್‌ನಲ್ಲಿ ಸಾಲು ಕತ್ತರಿಸಿದರೆ 6ನೇ ತುಂಡೇ ಯೂಸರ್ ಏಜೆಂಟ್. ಅದನ್ನು ಸಾಲುಗಳನ್ನು ಜೋಡಿಸುವ ಸಾರ್ಟ್‌ಗೆ, ಅಲ್ಲಿಂದ ಒಂದೇ ಥರದವನ್ನು ಎಣಿಸಲು ಯೂನಿಕ್‌ಗೆ (uniq -c) ಕೊಡಿ.

ಬಿಳಿಹಾಳೆ: ಎಣಿಸುವುದು ಸುಲಭ. ಎಣಿಸಿದ್ದು ಏನು ಅನ್ನುವುದೇ ಪ್ರಶ್ನೆ. ಆಂಡ್ರಾಯ್ಡ್ ಕ್ರೋಮ್‌ನ ಒಂದು ಸಾಲು ನೋಡಿ. ಶುರುವಿನಲ್ಲೇ ‘ಮೊಜಿಲ್ಲಾ/5.0’, ಆದರೆ ಅದು ಫೈರ್‌ಫಾಕ್ಸ್ ಅಲ್ಲ. ಮುಂದೆ ‘ಆಂಡ್ರಾಯ್ಡ್ 10, ಕೆ’. ಫೋನ್‌ನಲ್ಲಿ ಆಂಡ್ರಾಯ್ಡ್ 14 ಇದ್ದರೂ ಹಾಗೇ ಬರುತ್ತದೆ. ಮಾಡೆಲ್ ಹೆಸರಿನ ಜಾಗದಲ್ಲಿ ಬರೀ ‘ಕೆ’. ನಂತರ ‘ಕ್ರೋಮ್/124.0.0.0’, ಮೊದಲ ಅಂಕಿ ನಿಜ, ಉಳಿದ ಸೊನ್ನೆಗಳು ಸುಮ್ನೆ. ಕೊನೆಗೆ ‘ಸಫಾರಿ/537.36’! ವಿಂಡೋಸ್ 11 ಕೂಡ ‘ವಿಂಡೋಸ್ ಎನ್‌ಟಿ 10.0’ ಅಂತಲೇ ಹೇಳಿಕೊಳ್ಳುತ್ತದೆ. ಐಪ್ಯಾಡ್ 2019ರಿಂದ ತಾನು ಮ್ಯಾಕ್ ಅನ್ನುತ್ತದೆ. ಬ್ರೇವ್ ಬ್ರೌಸರ್ ತಾನು ಕ್ರೋಮ್ ಅನ್ನುತ್ತದೆ. ಇಂಥದ್ದನ್ನು ನಂಬಿ ಕೋಡ್ ತೆಗೆಯುತ್ತೀರಾ? ಪುಟದಲ್ಲೇ ಜಾವಾಸ್ಕ್ರಿಪ್ಟ್ ಹಾಕಿ, ಬೇಕಾದ ಸೌಲಭ್ಯ ಆ ಬ್ರೌಸರ್‌ನಲ್ಲಿ ಇದೆಯಾ ಅಂತ ನೇರವಾಗಿ ನೋಡಿ.

ಲಾಗ್‌ಓದುಗ: ಇದನ್ನು ನಾನು ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ ಓಡದ ಹಳೇ ಬ್ರೌಸರ್ ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಕೋಡ್ ತೆಗೆದರೆ ತೊಂದರೆ ಆಗುವುದು ಅವರಿಗೇ. ಆಡ್ ಬ್ಲಾಕರ್ ಹಾಕಿಕೊಂಡವರೂ ಎಷ್ಟೋ ಸಲ ತಪ್ಪಿಹೋಗುತ್ತಾರೆ. ಲಾಗ್ ಹಾಗಲ್ಲ, ಸರ್ವರ್ ಬಾಗಿಲು ತಟ್ಟಿದ ಪ್ರತಿಯೊಬ್ಬರನ್ನೂ ಬರೆದಿಡುತ್ತದೆ. ಓಎಸ್ (ಆಂಡ್ರಾಯ್ಡ್, ವಿಂಡೋಸ್ ಇತ್ಯಾದಿ) ವಿವರ ಮಸುಕಾಗಿದೆ, ನಿಜ. ಆದರೆ ಇಲ್ಲಿ ಕೇಳಿರುವುದು ಬ್ರೌಸರ್ ಎಷ್ಟು ಹಳೆಯದು ಅಂತ. ಅದಕ್ಕೆ ಆ ‘124’ ಒಂದೇ ಸಾಕು.

ಬಾಗಿಲಚಿಲಕ: ಬಾಗಿಲು ತಟ್ಟುವವರಲ್ಲಿ ಬಾಟ್‌ಗಳೇ, ಅಂದರೆ ತಾವಾಗಿ ಪುಟ ಕೇಳುವ ಪ್ರೋಗ್ರಾಂಗಳೇ, ಜಾಸ್ತಿ ಇರಬಹುದು. ಗೂಗಲ್‌ಬಾಟ್ (ಗೂಗಲ್ ಹುಡುಕಾಟದ ಬಾಟ್) ಅಂತ ಬರೆದುಕೊಂಡು ಯಾರು ಬೇಕಾದರೂ ಬರಬಹುದು. ಅನುಮಾನ ಬಂದರೆ ಆ ಐಪಿಯಿಂದ ಡೊಮೇನ್ ಹೆಸರು ಹುಡುಕಿ, ಅದು ಗೂಗಲ್‌ನದ್ದೇನಾ, ಆ ಹೆಸರಿನಿಂದ ಮತ್ತೆ ಅದೇ ಐಪಿ ಬರುತ್ತದೆಯಾ ನೋಡಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಆ ಸಾಲು ಹೊರಗಿನವರು ಬರೆದು ಕಳಿಸಿದ್ದು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ (ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲೈಬ್ರರಿ) ದೋಷ ಹೊರಬಿದ್ದಾಗ ದಾಳಿಕೋರರು ಯೂಸರ್ ಏಜೆಂಟ್‌ನಲ್ಲೇ ದಾಳಿಯ ಸಾಲು ತುರುಕಿ ಕಳಿಸುತ್ತಿದ್ದರು. ಅದನ್ನು ಲಾಗ್‌ಗೆ ಬರೆಯಲು ಹೋದ ಜಾವಾ ಪ್ರೋಗ್ರಾಂಗಳೇ ಸಿಕ್ಕಿಬಿದ್ದವು. ನಿಮ್ಮ ಲೆಕ್ಕವನ್ನು ವೆಬ್ ಪುಟದಲ್ಲಿ ತೋರಿಸುವುದಾದರೆ ಎಸ್ಕೇಪ್ ಮಾಡದೆ, ಅಂದರೆ ಅದರೊಳಗಿನ ಕೋಡ್ ಓಡದಂತೆ ಬರೀ ಅಕ್ಷರವಾಗಿಸದೆ, ತೋರಿಸಬೇಡಿ.

ಬಿಳಿಹಾಳೆ: ಜಾವಾಸ್ಕ್ರಿಪ್ಟ್ ಓಡದವರ ವಿಷಯ ಸರಿ, ಅದು ನನಗೆ ಹೊಳೆದಿರಲಿಲ್ಲ. ಆದರೂ ಸಾಲು ಎಣಿಸಿದರೆ ಜನ ಎಣಿಸಿದಂತಲ್ಲ. ಒಂದು ಪುಟ ತೆರೆದರೆ ಚಿತ್ರ, ಸಿಎಸ್‌ಎಸ್ (ಪುಟದ ವಿನ್ಯಾಸದ ಫೈಲ್) ಎಲ್ಲ ಸೇರಿ ಹತ್ತಾರು ಸಾಲು ಬೀಳುತ್ತವೆ. ಪುಟದ ಸಾಲುಗಳನ್ನು ಮಾತ್ರ ಎಣಿಸಿ. ಅದರಲ್ಲೂ ಸಿಎಸ್‌ಎಸ್ ಕೇಳಿದ ಐಪಿಗಳನ್ನು ಮಾತ್ರ ಇಟ್ಟುಕೊಳ್ಳಿ. ಸಾಮಾನ್ಯ ಬಾಟ್‌ಗಳು ಸಿಎಸ್‌ಎಸ್ ಕೇಳುವುದು ಕಡಿಮೆ.

ಹೊಸಪುಟ: ಕಂಬೈನ್ಡ್ ಹಾಕಿ ಒಂದು ವಾರ ಬಿಟ್ಟು ನೋಡಿದೆ. ಪಟ್ಟಿಯ ಮೇಲುಗಡೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಇತ್ತು, ಎದೆ ಧಸಕ್ಕೆಂದಿತು. ಬಿಳಿಹಾಳೆ ಹೇಳಿದಂತೆ ಸೋಸಿದೆ. ಅಷ್ಟೂ ಸಾಲು ಒಂದೇ ಐಪಿಯಿಂದ, ಐದೈದು ನಿಮಿಷಕ್ಕೆ ಸರಿಯಾಗಿ ಮುಖಪುಟ ಮಾತ್ರ ಕೇಳಿದ್ದವು. ಸೈಟ್ ಎದ್ದಿದೆಯಾ ಅಂತ ನೋಡಲು ನಾನೇ ಎಂದೋ ಹಚ್ಚಿಟ್ಟ ಸ್ಕ್ರಿಪ್ಟ್ ಅದು! ಅದನ್ನು ಬಿಟ್ಟರೆ ನಿಜವಾಗಿ ಹಳೇ ಸಫಾರಿ ಬಳಸುವವರು ಮೂವರು ಉಳಿದರು. ಮೂವರೂ ಪ್ರತಿದಿನ ಬರುತ್ತಾರೆ, ಉದ್ದದ ಲೇಖನಗಳನ್ನು ಓದುತ್ತಾರೆ. ಅವರಿಗೆ ಬೇಕಾದ ಕೋಡ್ ಉಳಿಸಿಕೊಂಡೆ. ಎಕ್ಸ್‌ಪ್ಲೋರರ್‌ನದ್ದು ಇವತ್ತು ಬೆಳಿಗ್ಗೆ ತೆಗೆದೆ.