ಥಿನ್ನರ್ ವಾಸನೆ ಅಳೆಯುವ ಮೀಟರ್: ಈ ಅಂಕಿ ನಂಬಬಹುದಾ?

ಸ್ಕ್ರೀನ್‌ಪ್ರಿಂಟ್_ಹುಬ್ಬಳ್ಳಿ:
ನಮಸ್ಕಾರ. ಲಗ್ನಪತ್ರಿಕೆ, ಬಟ್ಟೆ ಚೀಲ ಪ್ರಿಂಟ್ ಮಾಡುವ ಚಿಕ್ಕ ಅಂಗಡಿ ನಮ್ಮದು. ಒಂದೇ ಕಿಟಕಿಯ ಕೋಣೆ. ಸಂಜೆ ಮುಕ್ಕಾಲು ಗಂಟೆ ಥಿನ್ನರ್‌ನಲ್ಲಿ ಫ್ರೇಮ್ ತೊಳೆಯುತ್ತೇವೆ. ಡಬ್ಬದ ಮೇಲೆ ಟಾಲ್ಯೂಯಿನ್ ಅಂತಿದೆ. ತೊಳೆದ ದಿನ ನಮ್ಮ ಹುಡುಗನಿಗೆ ತಲೆನೋವು. ಅವನು ಬಾಯಿಬಿಟ್ಟು ಹೇಳಲಿಲ್ಲ. ಹಣೆ ಉಜ್ಜಿಕೊಳ್ಳೋದು ನೋಡಿ ಕೇಳಿದೆ.

ಮೂರೂವರೆ ಸಾವಿರ ಕೊಟ್ಟು ಮೀಟರ್ ತರಿಸಿದೆ. ಬೆಳಿಗ್ಗೆ 0.3 ತೋರಿಸುತ್ತದೆ. ತೊಳೆಯುವಾಗ 9.99ಕ್ಕೆ ಹೋಗಿ ನಿಲ್ಲುತ್ತದೆ. ಆದರೆ ನಿನ್ನೆ ಕೈಗೆ ಸ್ಯಾನಿಟೈಸರ್ ಹಚ್ಚಿದಾಗಲೂ 9.99! ಹಿಂದಿನ ಮನೆಯಲ್ಲಿ ಒಗ್ಗರಣೆ ಹಾಕಿದರೂ ಏರುತ್ತದೆ. ಹುಡುಗ ನಿಜವಾಗಿ ಎಷ್ಟು ಉಸಿರಾಡುತ್ತಿದ್ದಾನೆ ಅಂತ ತಿಳಿಯೋದು ಹೇಗೆ?

ಮೀಟರ್_ರಿಪೇರಿ:
ಸರ್, ಆ ಬೆಲೆಯ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಬಿಸಿ ಮಾಡಿದ ಲೋಹದ ಆಕ್ಸೈಡ್ ಸೆನ್ಸರ್ ಇರುತ್ತದೆ. ಸ್ಪಿರಿಟ್, ಎಣ್ಣೆ ಹೊಗೆ, ಥಿನ್ನರ್ ಎಲ್ಲಕ್ಕೂ ಅದು ಎಗರುತ್ತದೆ. ಏರಿತಾ ಇಳೀತಾ ನೋಡಲು ಸಾಕು, ಲೆಕ್ಕಕ್ಕೆ ಬರಲ್ಲ.

ಪಿಐಡಿ ಮೀಟರ್ (ಅತಿನೇರಳೆ ಬೆಳಕಿನಿಂದ ಆವಿಯ ಎಲೆಕ್ಟ್ರಾನ್ ಕಳಚಿ ಅಳೆಯುವಂಥದ್ದು) ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಅದರ ಅತಿನೇರಳೆ ದೀಪ ಸಾಮಾನ್ಯವಾಗಿ 10.6 ಎಲೆಕ್ಟ್ರಾನ್ ವೋಲ್ಟ್‌ದು, ಟಾಲ್ಯೂಯಿನ್‌ಗೆ ಎಲೆಕ್ಟ್ರಾನ್ ಕಳಚಲು 8.8 ಇದ್ದರೆ ಸಾಕು. ಆದರೆ ಅದನ್ನು ಐಸೊಬ್ಯುಟಿಲೀನ್ ಗ್ಯಾಸ್‌ಗೆ ಸೆಟ್ ಮಾಡಿರುತ್ತಾರೆ. ಹಾಗಾಗಿ ಟಾಲ್ಯೂಯಿನ್ ಆದರೆ ಬಂದ ಅಂಕಿಯನ್ನು ಸುಮಾರು 0.5ರಿಂದ ಗುಣಿಸಬೇಕು. 60 ತೋರಿಸಿದರೆ 30 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 30 ಪಾಲು. ಮಳೆಗಾಲದ ತೇವಕ್ಕೂ ಅಂಕಿ ಕೆಡುತ್ತದೆ. ಮೊದಲು ಹೊರಗೆ ಒಳ್ಳೆ ಗಾಳಿಯಲ್ಲಿ ಸೊನ್ನೆ ಮಾಡಿಕೊಳ್ಳಿ.

ಲ್ಯಾಬ್_ಅಕ್ಕ:
ಥಿನ್ನರ್ ಅಂದ್ರೆ ನಾಲ್ಕೈದು ದ್ರವಗಳ ಮಿಶ್ರಣ. ಯಾವುದು ಎಷ್ಟಿದೆ ಅಂತ ಪಿಐಡಿ ಹೇಳಲ್ಲ. ಇದ್ದಿಲಿನ ಟ್ಯೂಬ್ ಇಡಿಸಿ. ಬೆರಳುದ್ದದ ಗಾಜಿನ ನಳಿಗೆ, ಒಳಗೆ ತೆಂಗಿನ ಚಿಪ್ಪಿನ ಇದ್ದಿಲು: ಮುಂದೆ 100 ಮಿಲಿಗ್ರಾಂ, ಹಿಂದೆ 50. ಎರಡೂ ತುದಿ ಮುರಿದು, ಹುಡುಗನ ಕಾಲರ್‌ಗೆ ಸಿಕ್ಕಿಸಿ, ಸೊಂಟದ ಪಂಪ್‌ನಿಂದ ನಿಮಿಷಕ್ಕೆ 100 ಮಿಲಿಲೀಟರ್ ಎಳೆಯಬೇಕು. ಕಪಾಟಿನ ಮೇಲಿಟ್ಟರೆ ಪ್ರಯೋಜನವಿಲ್ಲ. ಫ್ರೇಮ್ ಮೇಲೆ ಬಗ್ಗಿದಾಗ ಮೂಗಿನ ಹತ್ತಿರ ಇರೋ ಗಾಳಿಯೇ ಬೇರೆ.

45 ನಿಮಿಷಕ್ಕೆ 4.5 ಲೀಟರ್ ಗಾಳಿ. ಲ್ಯಾಬ್‌ನಲ್ಲಿ ಕಾರ್ಬನ್ ಡೈಸಲ್ಫೈಡ್‌ನಿಂದ ಇದ್ದಿಲಲ್ಲಿರೋದನ್ನು ಬಿಡಿಸಿ, ಮಿಶ್ರಣದ ಒಂದೊಂದು ದ್ರವವನ್ನೂ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಹಾಕುತ್ತೇವೆ. 0.45 ಮಿಲಿಗ್ರಾಂ ಟಾಲ್ಯೂಯಿನ್ ಸಿಕ್ಕರೆ ಘನ ಮೀಟರ್‌ಗೆ 100 ಮಿಲಿಗ್ರಾಂ. ಟಾಲ್ಯೂಯಿನ್ ಒಂದು ಪಿಪಿಎಂ ಅಂದ್ರೆ ಘನ ಮೀಟರ್‌ಗೆ 3.77 ಮಿಲಿಗ್ರಾಂ, ಅದರಿಂದ ಭಾಗಿಸಿದರೆ 26 ಪಿಪಿಎಂ ಚಿಲ್ಲರೆ. ಹಿಂದಿನ 50ರಲ್ಲೂ ಜಾಸ್ತಿ ಸಿಕ್ಕರೆ ಟ್ಯೂಬ್ ತುಂಬಿ ಸೋರಿದೆ ಅಂತ ಅರ್ಥ, ಮತ್ತೆ ಮಾಡಬೇಕು. ತುದಿ ಮುರಿದು ಗಾಳಿ ಎಳೆಯದ ಇನ್ನೊಂದು ಟ್ಯೂಬ್ ಕೂಡ ಕಳಿಸಿ, ಸಿಕ್ಕಿದ್ದು ಎಳೆದ ಗಾಳಿಯದ್ದೋ ಬೇರೆ ಕಡೆಯಿಂದ ಸೇರಿದ್ದೋ ತಿಳಿಯಲು. ಅದಿಲ್ಲದೆ ನಾನಂತೂ ರಿಪೋರ್ಟ್ ನಂಬಲ್ಲ.

ಸ್ಕ್ರೀನ್‌ಪ್ರಿಂಟ್_ಹುಬ್ಬಳ್ಳಿ:
ತುಂಬಾ ಉಪಕಾರ ಆಯಿತು ಅಕ್ಕ. ಸೋಮವಾರ ಕೆಲಸ ಕಡಿಮೆ, ಅವತ್ತು ಇಡಿಸಲಾ?

ಲ್ಯಾಬ್_ಅಕ್ಕ:
ಬೇಡ. ಅತಿ ಹೆಚ್ಚು ಫ್ರೇಮ್ ತೊಳೆಯುವ ದಿನವೇ ಇಡಿಸಿ. ರಿಪೋರ್ಟ್ ಬರುವವರೆಗೂ ಕಾಯಬೇಡಿ. ಥಿನ್ನರ್ ಒರೆಸಿದ ಬಟ್ಟೆಗಳನ್ನು ಇವತ್ತಿನಿಂದಲೇ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿಸಿ. ತೊಳೆಯುವ ಮೇಜನ್ನು ಕಿಟಕಿಗೆ ಒತ್ತಿ ಇಡಿ, ಹುಡುಗನ ಬೆನ್ನ ಹಿಂದಿನಿಂದ ಗಾಳಿ ಬಂದು ಹೊರಗೆ ಹೋಗಲಿ.