ಪೆನ್ನಿನ ಕ್ಲಿಪ್ಪಿನ ಮೇಲಿರುವ ಕೋವಿ ಯಾವುದು? ಪ್ಯಾಕೆಟ್ಟಿನಲ್ಲಿ 303 ಅಂತ ಉಂಟು, ನನಗೆ ನಂಬಿಕೆ ಬರುತ್ತಿಲ್ಲ

ಮುಳ್ಳೇರಿಯ ಲೇತ್:

ಎಲ್ಲರಿಗೂ ನಮಸ್ಕಾರ. ಹಳೆ ಮನೆ ಬಿಚ್ಚಿದಾಗ ಸಿಕ್ಕಿದ ಹಲಸಿನ ಮುಚ್ಚಿಗೆ ಹಲಗೆಯಿಂದ ಹನ್ನೆರಡು ಪೆನ್ನು ಕಡೆದಿದ್ದೇನೆ. ಮಿಲಿಟರಿಯಿಂದ ನಿವೃತ್ತರಾದ ನಮ್ಮ ಮಾವ ತಮ್ಮ ಜೊತೆಗಾರರಿಗೆ ಕೊಡಲಿಕ್ಕೆ ಹೇಳಿ ಮಾಡಿಸಿದ್ದು. ರೈಫಲ್ಲಿನ ಹಾಗೆ ಬದಿಯ ಬೋಲ್ಟ್ (ಗುಂಡಿ ಇರುವ ಸರಳು) ಎಳೆದರೆ ರೀಫಿಲ್ ಹೊರಗೆ ಬರುವ ಪೆನ್ನಿನ ಬಿಡಿಭಾಗಗಳ ಕಿಟ್, ಕ್ಲಿಪ್ಪು ಕೋವಿಯ ಆಕಾರದ್ದು. "ತ್ರೀ ನಾಟ್ ತ್ರೀಯೇ ಆಗಬೇಕು" ಅಂತ ಮಾವ ಕಟ್ಟುನಿಟ್ಟಾಗಿ ಹೇಳಿದ್ದಾರೆ.

ಈಗ ತೊಂದರೆ ಏನೆಂದರೆ, ನನ್ನ ಹತ್ತಿರ ಮೂರು ಬಗೆಯ ಕ್ಲಿಪ್ಪುಗಳಿವೆ. ಒಂದನೆಯದರ ಪ್ಯಾಕೆಟ್ಟಿನ ಮೇಲೆ '303 ರೈಫಲ್' ಅಂತ ಅಂಟಿಸಿದ್ದಾರೆ. ಉಳಿದ ಎರಡರ ಮೇಲೆ ಏನೂ ಬರೆದಿಲ್ಲ. ಒಂದನೆಯದರ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಉಬ್ಬು ಉಂಟು, ಹೊಟ್ಟೆ ನುಣ್ಣಗೆ, ಮುಂದಿನ ಅರ್ಧ ಬರೀ ನಳಿಗೆ. ಎರಡನೆಯದರ ಮೂತಿ ಮೊಂಡು, ಟ್ರಿಗರಿನ ಮುಂದೆ ಸಣ್ಣ ಡಬ್ಬಿಯ ಹಾಗೆ ಏನೋ ಇಳಿದಿದೆ. ಮೂರನೆಯದರ ಕೆಳಗೆ ದೊಡ್ಡ ಬಳೆ. ಫೋಟೋ ತೆಗೆದರೆ ಕ್ರೋಮಿನ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರು ಪೆನ್ನಿಗೆ ಒಂದನೆಯದನ್ನೇ ಒತ್ತಿ ಕೂರಿಸಿಯೂ ಆಯಿತು. ಬೋಲ್ಟ್ ಇರುವುದರಿಂದ ಅದು 303 ಆಗಿರಲೇಬೇಕಲ್ವಾ?

ಹಳೆ ಕೆಡೆಟ್, ಕುಂಬಳೆ:

ಇಲ್ಲ ಮಾರಾಯ್ರೆ, ಬೋಲ್ಟ್ ಇದ್ದ ಮಾತ್ರಕ್ಕೆ 303 ಆಗುವುದಿಲ್ಲ. ಜರ್ಮನಿಯ ಮೌಸರ್‌ಗೂ ಬೋಲ್ಟ್ ಇದೆ, ರಷ್ಯಾದ ಮೊಸಿನ್‌ಗೂ ಇದೆ, ಈಗ ಮಾರುವ ಬೇಟೆ ರೈಫಲ್‌ಗಳಲ್ಲಿ ಎಷ್ಟೋ ಅದೇ ತರದವು.

ಮೊದಲು ಆಕಾರ ಸರಿಯಾಗಿ ಕಾಣಬೇಕು, ಹೊಳೆಯುವ ಲೋಹದ ಫೋಟೋ ಉಪಯೋಗಕ್ಕೆ ಬಾರದು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೇ ಮಾಡಿ. ತೆಳು ಕಾಗದ ಬೇಕು, ಪೆನ್ಸಿಲ್ ಅಡ್ಡ ಹಿಡಿಯಬೇಕು, ಕ್ಲಿಪ್ಪು ಅಲುಗಾಡದ ಹಾಗೆ ಕೆಳಗೆ ಸ್ವಲ್ಪ ಮೇಣ. ಹೊರರೇಖೆ ಮಾತ್ರ ಬೇಕಾದರೆ ಮೊಬೈಲಿನಲ್ಲಿ ಬಿಳಿ ಪರದೆ ತೆರೆದು ಅದರ ಮೇಲೆ ಕ್ಲಿಪ್ಪನ್ನು ಮಲಗಿಸಿ ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆಯಿರಿ, ಕಪ್ಪು ನೆರಳು ಮೂಡುತ್ತದೆ. ಕ್ಲಿಪ್ಪಿನ ಉದ್ದ ಎಷ್ಟು?

ನೀವು ಬರೆದದ್ದನ್ನು ನೋಡಿದರೆ ಎರಡನೆಯದೇ 303. 303 ಅನ್ನುವುದು ನಳಿಗೆಯ ಒಳಗಿನ ಅಳತೆ, 0.303 ಇಂಚು. ನಮ್ಮವರು ತ್ರೀ ನಾಟ್ ತ್ರೀ ಅಂತ ಕರೆದ ಕೋವಿಯ ಹೆಸರು ಲೀ ಎನ್‌ಫೀಲ್ಡ್. ಅದರಲ್ಲೂ 1907ರಲ್ಲಿ ಬಂದ ಮಾರ್ಕ್ 3 ಮಾದರಿ, ಬಂಗಾಳದ ಇಶಾಪೋರ್ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. ಅದರ ಮರ ನಳಿಗೆಯ ತುದಿಯವರೆಗೂ ಹೋಗುತ್ತದೆ. ತುದಿಗೆ ದಪ್ಪ ಲೋಹದ ಟೋಪಿ, ಅದಕ್ಕೇ ಮೂತಿ ಮೊಂಡು. ಹತ್ತು ಗುಂಡಿನ ಮ್ಯಾಗಜೀನು, ಅಂದರೆ ಗುಂಡು ತುಂಬುವ ಡಬ್ಬಿ, ಟ್ರಿಗರಿನ ಮುಂದೆ ಕೆಳಗೆ ಇಳಿದಿರುತ್ತದೆ. ಮೌಸರಿನಲ್ಲಿ ಐದು ಗುಂಡು, ಅವು ಮರದ ಒಳಗೇ ಅಡಗಿರುವುದರಿಂದ ಹೊಟ್ಟೆ ನುಣ್ಣಗೆ ಕಾಣುತ್ತದೆ. ಇನ್ನೊಂದು ಗುರುತು, 303ರಲ್ಲಿ ಹಿಂದಿನ ಮರ ಬೇರೆ, ಮುಂದಿನ ಮರ ಬೇರೆ, ನಡುವೆ ಬರೀ ಲೋಹ. ಉಜ್ಜಿದ ಚಿತ್ರದಲ್ಲಿ ಅಲ್ಲಿ ಸಣ್ಣ ಮೆಟ್ಟಿಲು ಕಾಣಬೇಕು.

ಒಂದನೆಯದರ ಬೆನ್ನಿನ ಉಬ್ಬು ದುರ್ಬೀನು. ಅದು ಬೇಟೆ ರೈಫಲ್, ಇಷ್ಟು ಸಣ್ಣ ಅಚ್ಚಿನಲ್ಲಿ ಅದಕ್ಕೆ ಕಂಪನಿ ಹೆಸರು ಕಟ್ಟಬೇಡಿ. ಮೂರನೆಯದರ ಬಳೆ ಲಿವರ್, ಬೋಲ್ಟಿನ ಬದಲು ಅದನ್ನು ಕೆಳಕ್ಕೆ ಎಳೆದು ಗುಂಡು ಏರಿಸುವುದು. ಅಮೆರಿಕದ ವಿಂಚೆಸ್ಟರ್ ತರದ್ದು, ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರಬೇಕು ನೋಡಿ. 1873ರ ಮಾದರಿಯಾ 1894ರದ್ದಾ ಅಂತ ಕ್ಲಿಪ್ಪು ನೋಡಿ ಹೇಳಬಾರದು.

ಮುಳ್ಳೇರಿಯ ಲೇತ್:

ಉಜ್ಜಿ ನೋಡಿದೆ ಅಣ್ಣ. ಎರಡನೆಯದರಲ್ಲಿ ಮೆಟ್ಟಿಲು ಕಂಡಿತು! ಮ್ಯಾಗಜೀನಿನ ತಳ ಸ್ವಲ್ಪ ಓರೆ, ಮುಂದಿನ ಕಡೆ ಜಾಸ್ತಿ ಇಳಿದಿದೆ. ಉದ್ದ 45 ಮಿ.ಮೀ. ಆದರೆ ಇನ್ನೊಂದು ಸಂಶಯ. ಮೂತಿ ಎಡಕ್ಕೆ ಇಟ್ಟು ನೋಡಿದರೆ ಬೋಲ್ಟಿನ ಗುಂಡಿ ನನ್ನ ಕಡೆಗೇ ಕಾಣುತ್ತದೆ. ಇದು ಸರಿಯಾ?

ಹಳೆ ಕೆಡೆಟ್, ಕುಂಬಳೆ:

ಓರೆ ತಳವೇ ಬೇಕಾದದ್ದು. 1962ರ ಯುದ್ಧದ ನಂತರ ಇಶಾಪೋರಿನಲ್ಲಿ ಇದೇ ಕೋವಿಯನ್ನು 7.62 ಮಿ.ಮೀ. ಗುಂಡಿಗೆ ಮಾಡಿದರು, ಅದರ ಮ್ಯಾಗಜೀನು ಚೌಕ. ನಿಮ್ಮದು ಹಳೆಯದೇ.

ಬೋಲ್ಟ್ ಇರುವುದು ಕೋವಿಯ ಬಲಗಡೆ. ಬಲಗಡೆ ನಿಂತು ನೋಡುವವರಿಗೆ ಮೂತಿ ಬಲಕ್ಕೇ ಇರಬೇಕು. ಮೂತಿ ಎಡಕ್ಕಿದ್ದೂ ಗುಂಡಿ ಕಂಡರೆ ಅಚ್ಚು ಮಾಡಿದವರು ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದ್ದಾರೆ. ಅದರಿಂದ ಗುರುತು ಬದಲಾಗುವುದಿಲ್ಲ, ಆದರೆ ಮಿಲಿಟರಿಯವರ ಕಣ್ಣಿಗೆ ಬೀಳುತ್ತದೆ, ಮಾವನಿಗೆ ಮೊದಲೇ ಹೇಳಿಬಿಡಿ. ಅಸಲು ಕೋವಿಯ ಉದ್ದ ಸುಮಾರು 1,130 ಮಿ.ಮೀ. ಅಂದರೆ ನಿಮ್ಮ ಕ್ಲಿಪ್ಪು 25ರಲ್ಲಿ ಒಂದು ಪಾಲು. ಬೋಲ್ಟಿನ ಗುಂಡಿ ಒಂದು ಮಿಲಿಮೀಟರ್ ದಪ್ಪವೂ ಬರುವುದಿಲ್ಲ. ಅದನ್ನು ಪಾಲಿಶ್ ಚಕ್ರಕ್ಕೆ ಹಿಡಿಯಲೇಬೇಡಿ, ಸವೆದೇ ಹೋದೀತು.

ಒತ್ತಿ ಕೂರಿಸಿದ ಮೂರನ್ನು ಬಿಡಿಸಬಹುದು. ಮೊದಲು ರೀಫಿಲ್ ತೆಗೆಯಿರಿ. ಹಿತ್ತಾಳೆ ಕೊಳವೆಗೆ ತಾಗದಷ್ಟು ಸಪೂರದ ಪಂಚ್ ಒಳಗಿನಿಂದ ಹಾಕಿ, ಪೆನ್ನನ್ನು ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಮೆಲ್ಲಗೆ ತಟ್ಟಿ. ವೈಸಿಗೆ ಕಚ್ಚಿಸಿದರೆ ಹಲಸು ಸೀಳುತ್ತದೆ.

ಒಂದು ಮಾತು, ಮಾವ ಸೇನೆಗೆ ಸೇರಿದ್ದು ಯಾವ ಇಸವಿ? ಎಪ್ಪತ್ತರ ದಶಕ ಆದರೆ ಅವರ ಕೈಯಲ್ಲಿ ಇದ್ದದ್ದು ಎಸ್‌ಎಲ್‌ಆರ್ (ತಾನೇ ಮುಂದಿನ ಗುಂಡು ಏರಿಸಿಕೊಳ್ಳುವ ರೈಫಲ್) ಆಗಿರಬಹುದು. ಅದು ಬೋಲ್ಟ್ ಎಳೆಯುವ ಕೋವಿಯೇ ಅಲ್ಲ, ಇಪ್ಪತ್ತು ಗುಂಡಿನ ಮ್ಯಾಗಜೀನು, ಮೇಲೆ ಹಿಡಿಕೆ. 303 ಪೊಲೀಸರ ಹತ್ತಿರ ಮಾತ್ರ ತುಂಬಾ ವರ್ಷ ಉಳಿಯಿತು, ಉತ್ತರ ಪ್ರದೇಶದಲ್ಲಿ 2020ರವರೆಗೂ ಇತ್ತು. ಕೇಳಿ ನೋಡಿ.

ಮುಳ್ಳೇರಿಯ ಲೇತ್:

ಕೇಳಿದೆ. ಸೇರಿದ್ದು 1974, ಕೆಲಸದಲ್ಲಿ ಹಿಡಿದದ್ದು ಎಸ್‌ಎಲ್‌ಆರ್. ಆದರೆ ಜೀವನದಲ್ಲಿ ಮೊದಲ ಗುಂಡು ಹೊಡೆದದ್ದು ಎನ್‌ಸಿಸಿ ಕ್ಯಾಂಪಿನಲ್ಲಿ, 303ರಿಂದ. ಹೆಗಲು ಎರಡು ದಿನ ನೋಯುತ್ತಿತ್ತಂತೆ. ಉಜ್ಜಿದ ಕಾಗದ ಕೈಗೆ ಕೊಟ್ಟೆ, ಕನ್ನಡಕ ಹಾಕಿ ನೋಡಿ ಆ ಮೊಂಡು ಮೂತಿಯ ಮೇಲೆ ಬೆರಳು ಇಟ್ಟು "ಇದೇ" ಅಂದರು. ಕಾಗದವನ್ನು ವಾಪಸು ಕೊಡಲಿಲ್ಲ, ಡೈರಿಯ ಒಳಗೆ ಇಟ್ಟುಕೊಂಡಿದ್ದಾರೆ. ಬೋಲ್ಟ್ ತಿರುಗಾಮುರುಗಾ ಆದದ್ದನ್ನೂ ಹೇಳಿದೆ, ಅಡ್ಡಿಯಿಲ್ಲ ಅಂದರು.

ಎರಡು ಪೆನ್ನು ಬಿಡಿಸಿ ಎರಡನೆಯ ಕ್ಲಿಪ್ಪು ಹಾಕಿದೆ. ಮೂರನೆಯ ಪೆನ್ನು ಜಪ್ಪಯ್ಯ ಅಂದರೂ ಬಿಡುತ್ತಿಲ್ಲ, ನಾಳೆ ಇನ್ನೂ ಸ್ವಲ್ಪ ದಪ್ಪದ ಪಂಚ್ ತಂದು ನೋಡುತ್ತೇನೆ.